ಚಂದ್ರಿಕೆ ಕಿತ್ತ ಆಂಟೆನಾ

ಬುಧವಾರ ಮಧ್ಯಾಹ್ನ ಆ ಸಣ್ಣ ಬಿಳಿ ಕಾರು ನನ್ನ ಅಂಗಡಿಯ ಮುಂದೆ ಬಂದು ನಿಂತಾಗ ಅದರ ತಲೆಯ ಮೇಲೊಂದು ಸ್ಟೀಲ್ ಲೋಟ ಬೋರಲಾಗಿ ಕೂತಿತ್ತು. ಯಾರೋ ಬೇಕೆಂದೇ ಲೋಟವನ್ನು ಕವುಚಿ ಹಾಕಿ, ಅಲುಗಾಡದಂತೆ ಸುತ್ತಲೂ ಪ್ಯಾಕಿಂಗ್ ಟೇಪ್ ಬಿಗಿದಿದ್ದರು. ಕಾರಿಗೆ ಹೂವಿನ ಹಾರ ಹಾಕಿದವರನ್ನು ಕಂಡಿದ್ದೇನೆ, ನಿಂಬೆಹಣ್ಣು ಕಟ್ಟಿದವರನ್ನು ಕಂಡಿದ್ದೇನೆ. ಲೋಟ ತೊಡಿಸಿದವರನ್ನು ಕಂಡದ್ದು ಅದೇ ಮೊದಲು.

ರಾಮನಗರದಲ್ಲಿ ರೇಷ್ಮೆಗೂಡಿನ ಮಾರುಕಟ್ಟೆಗೆ ಹತ್ತಿರದಲ್ಲೇ ನನ್ನ ಕಾರು ವೈರಿಂಗ್ ಅಂಗಡಿ ಇದೆ. ಗಾಡಿ ಕೆಲಸಕ್ಕೆ ಬಂದ ಕೂಡಲೇ ಕೀಲಿಗೊಂದು ಚೀಟಿ ಕಟ್ಟುವುದು ನಮ್ಮ ಪದ್ಧತಿ. ನಂಬರು ನನ್ನ ತಲೆಯಲ್ಲಿ ನಿಲ್ಲುವುದಿಲ್ಲ. ಹಾಗಾಗಿ ಗಿರಾಕಿಯನ್ನು ಕಂಡಾಗ ಏನು ತೋಚುತ್ತದೋ ಅದನ್ನೇ ಬರೆಯುತ್ತೇನೆ: ‘ಜೋಡಿ ಹಾರ್ನ್’, ‘ಸಿಟ್ಟಿನ ಮೇಷ್ಟ್ರು’, ಹೀಗೆ. ಈ ಕೀಲಿಗೆ ‘ಲೋಟದ ಯಜಮಾನ್ರು’ ಎಂದು ಬರೆದೆ.

“ಏನ್ ಯಜಮಾನ್ರೇ, ಗಾಡಿಗೆ ಕಾಫಿ ಕುಡಿಸ್ತಿದ್ದೀರಾ?” ಎಂದೆ.

ಕನಕಪುರದ ಆಚೆ, ಬೆಟ್ಟದ ಬುಡದ ಹಳ್ಳಿಯೊಂದರ ರೇಷ್ಮೆ ಬೆಳೆಗಾರ ಆತ. ಐವತ್ತು ದಾಟಿದ ಮನುಷ್ಯ. ಅವತ್ತೇ ಮಾರುಕಟ್ಟೆಯಲ್ಲಿ ಗೂಡು ಹಾಕಿ ನೇರ ನನ್ನಲ್ಲಿಗೆ ಬಂದಿದ್ದರು. ನನ್ನ ತಮಾಷೆಗೆ ನಗಲಿಲ್ಲ.

“ಏರಿಯಲ್ ಬೇರ್‌ಸಮೇತ ಕಿತ್ಕೊಂಡೋಯ್ತು ಕಣಣ್ಣ. ತೂತಲ್ಲಿ ಮಳೆ ನೀರು ಇಳೀಬಾರ್ದು ಅಂತ ಲೋಟ ಮಡಗಿದ್ದೀನಿ.”

ಕಿತ್ತದ್ದು ಚಂದ್ರಿಕೆ. ಹಣ್ಣಾದ ರೇಷ್ಮೆ ಹುಳ ಗೂಡು ಕಟ್ಟಲೆಂದು ಬಿಡುವ, ಬಾಗಿಲಿನಷ್ಟು ಅಗಲದ ಬಿದಿರಿನ ತಟ್ಟಿಯದು. ನಮ್ಮ ಕಡೆ ಅದನ್ನು ಟೆಂಪೋದಲ್ಲಿ ಸಾಗಿಸುವವರಿದ್ದಾರೆ, ಎತ್ತಿನ ಗಾಡಿಯಲ್ಲಿ ಸಾಗಿಸುವವರಿದ್ದಾರೆ. ಕಾರು ಕೊಂಡವರು ಕಾರಿನ ತಲೆಯ ಮೇಲೆ ಹೇರಿ, ಹಗ್ಗವನ್ನು ಕಿಟಕಿಯಿಂದ ಒಳಕ್ಕೆ ತಂದು ಬಿಗಿಯುತ್ತಾರೆ. ಕಾರು ಕೊಂಡದ್ದೇ ಅದಕ್ಕೆ ಎಂಬ ಹಾಗೆ. ಈತ ಬುದ್ಧಿವಂತ. ಹೇರುವ ಮುಂಚೆ ಪ್ರತಿ ಸಲವೂ ಆಂಟೆನಾ ಕಡ್ಡಿಯನ್ನು ತಿರುಗಿಸಿ ಬಿಚ್ಚಿ ಡ್ಯಾಶ್‌ಬೋರ್ಡಿನೊಳಗೆ ಇಡುತ್ತಿದ್ದರಂತೆ. ಆದರೆ ಈ ಬೆಳೆಯಲ್ಲಿ ಹುಳ ಒಂದು ದಿನ ಮೊದಲೇ ಹಣ್ಣಾಗಿಬಿಟ್ಟಿತು. ಹಣ್ಣಾದ ಹುಳ ಯಾರಿಗೂ ಕಾಯುವುದಿಲ್ಲ. ಪಕ್ಕದೂರಿನಿಂದ ಎರವಲು ತಂದ ಎಂಟು ಚಂದ್ರಿಕೆಗಳನ್ನು ಹೇರಿ ಹಗ್ಗ ಜಗ್ಗಿದಾಗ ಕಡ್ಡಿಯ ನೆನಪಾಯಿತು. ಅಷ್ಟರಲ್ಲಿ ಬುಡದ ಸಮೇತ ಕಿತ್ತು ಬಂದಿತ್ತು.

“ಆಗ್ಲಿ, ಕಂಪನೀದೇ ತರ್ಸಿ ಹಾಕೋಣ. ಹತ್ತು ದಿನ ಆಗ್ತದೆ,” ಎಂದೆ.

“ಹತ್ ದಿನಾನಾ? ಶನಿವಾರ ಸಂಜೆ ಆರೂವರೆಗೆ ಅವ್ಳು ಮಾತಾಡೋದು ಬತ್ತದೆ ಕಣಣ್ಣ!”

ಅವಳು ಎಂದರೆ ಅವರ ಹೆಂಡತಿ. ಏಳನೇ ಕ್ಲಾಸು ಓದಿದ ಹೆಂಗಸು. ಸುತ್ತಲಿನವರ ಬೆಳೆ ಕೈಕೊಟ್ಟರೂ ಆಕೆಯ ಹುಳದ ಮನೆಯಲ್ಲಿ ಬೆಳೆ ಕೆಟ್ಟದ್ದಿಲ್ಲವಂತೆ. ಅದು ಯಾರಿಂದಲೋ ರೇಡಿಯೋದವರ ಕಿವಿಗೆ ಬಿದ್ದು, ಅವರು ಮನೆಗೇ ಬಂದು ಆಕೆಯ ಮಾತನ್ನು ರೆಕಾರ್ಡ್ ಮಾಡಿಕೊಂಡು ಹೋಗಿದ್ದರು. ಅವರು ಬಂದ ದಿನವೇ ಊರಿಗೆ ಊರೇ ಒಂದು ಮದುವೆಗೆ ಹೋಗಿತ್ತು. ರೇಡಿಯೋದವರನ್ನು ಕಣ್ಣಾರೆ ಕಂಡವರು ಗಂಡ, ಹೆಂಡತಿ ಮತ್ತು ಕಟ್ಟಿಹಾಕಿದ್ದ ಎರಡು ಹಸು.

“ಯಾರೂ ನಂಬ್ತಿಲ್ಲ. ಡೈರಿ ತಾವ ಹಾಲು ಹಾಕಕ್ಕೋದ್ರೆ, ‘ಬಂದ್ರಪ್ಪ ರೇಡಿಯೋ ಅಮ್ನೋರು’ ಅಂತ ಆಡ್ಕತಾರೆ. ಅವ್ಳು ಈಗ ಡೈರಿ ಕಡೆ ಹೋಗೋದೇ ಬುಟ್ಟವ್ಳೆ. ನಾನೇ ಹಾಲು ಹೊತ್ಕಂಡು ಹೋಯ್ತಾ ಇವ್ನಿ. ಶನಿವಾರ ಕಾರ್ ತಂದು ಡೈರಿ ಮುಂದೆ ನಿಲ್ಲಿಸ್ತೀನಿ, ಎಲ್ರೂ ಕೇಳ್ರಲಾ ಅಂತ ಸವಾಲ್ ಹಾಕ್ಬುಟ್ಟಿದ್ದೆ. ಈಗ ನೋಡಿದ್ರೆ ನಾನೇ ಕಿತ್ತಾಕ್ದೆ.”

ಫೋನಿನಲ್ಲಿ ಕೇಳಿಸಬಹುದಲ್ಲ ಎಂದೆ. ಊರು ಬೆಟ್ಟದ ಮಡಿಲಲ್ಲಿದೆ, ನೀರಿನ ಟ್ಯಾಂಕಿನ ಬುಡಕ್ಕೆ ಹೋದರೆ ಮಾತಾಡುವಷ್ಟು ನೆಟ್‌ವರ್ಕ್ ಸಿಕ್ಕೀತು, ಬೇರೇನೂ ಇಲ್ಲ ಎಂದರು. ಊರಿನಲ್ಲಿ ಈಗ ರೇಡಿಯೋ ಎಂದು ಉಳಿದಿರುವುದು ಈ ಕಾರಿನದೊಂದೇ. ಮರುಪ್ರಸಾರ ಇಲ್ಲವೆಂದೂ ರೇಡಿಯೋದವರು ಹೇಳಿದ್ದರಂತೆ. ಶನಿವಾರ ಆರೂವರೆ ಕಳೆದರೆ ಕಳೆಯಿತು.

ಆಗ ನಾನು ಆಗಲ್ಲ ಎನ್ನಬಹುದಿತ್ತು. ಆದರೆ ಆ ಲೋಟವನ್ನು ನೋಡಿ ಮನಸ್ಸು ಕರಗಿತು. “ಗಾಡಿ ಬಿಟ್ಟು ಹೋಗಿ. ಶುಕ್ರವಾರ ಬನ್ನಿ,” ಎಂದೆ.

ಹಿಂಬದಿಯ ಹಿಡಿಕೆ, ಒಳದೀಪ, ಬಾಗಿಲಿನ ರಬ್ಬರ್ ಬಿಚ್ಚಿ ಚಾವಣಿಯ ಒಳಹೊದಿಕೆಯನ್ನು ಒಂದು ಗೇಣು ಕೆಳಗಿಳಿಸಿದೆ. ತಗಡಿನಲ್ಲಿ ಹೆಬ್ಬೆರಳು ಹಿಡಿಸುವ ಚೌಕದ ತೂತು. ಅದರ ಒಂದು ಅಂಚು ಮೇಲಕ್ಕೆ ಎದ್ದಿತ್ತು. ಕೆಳಗೆ ಎರಡು ತಂತಿಗಳು ಅನಾಥವಾಗಿ ನೇತಾಡುತ್ತಿದ್ದವು. ಒಂದು ದಪ್ಪನೆಯ ಆಂಟೆನಾ ಕೇಬಲ್, ಅದು ರೇಡಿಯೋಗೆ ಹೋಗುವುದು. ಇನ್ನೊಂದು ತೆಳ್ಳಗಿನ ವೈರು. ಕಡ್ಡಿಯ ಬುಡದಲ್ಲಿ ಸಿಗ್ನಲ್ಲನ್ನು ಹೆಚ್ಚಿಸುವ ಒಂದು ಪುಟ್ಟ ಆಂಪ್ಲಿಫೈಯರ್ ಇರುತ್ತದೆ. ಆ ತೆಳ್ಳಗಿನ ವೈರು ಅದಕ್ಕೆ ಕರೆಂಟು ಕೊಡುವುದು.

ಗುರುವಾರ ಬೆಳಿಗ್ಗೆ ಗುಜರಿ ಅಂಗಡಿಗಳನ್ನು ಸುತ್ತಿದೆ. ಈ ಮಾಡೆಲ್ಲಿನ ಆಂಟೆನಾ ಎಲ್ಲೂ ಸಿಗಲಿಲ್ಲ. ಕೊನೆಗೆ ಅಪಘಾತವಾಗಿ ಬಂದು ಬಿದ್ದಿದ್ದ ಬೇರೊಂದು ದೊಡ್ಡ ಕಾರಿನ ತಲೆಯಿಂದ, ಕಡ್ಡಿಯೇ ಇಲ್ಲದ, ಮೀನಿನ ಬೆನ್ನ ಮೇಲಿನ ರೆಕ್ಕೆಯಂಥ ಆಂಟೆನಾ ಬಿಚ್ಚಿಕೊಂಡು ಬಂದೆ. ಇದರ ಮೇಲೆ ಚಂದ್ರಿಕೆ ಹೇರಿದರೂ ಮುರಿಯಲು ಕಡ್ಡಿಯೇ ಇಲ್ಲವಲ್ಲ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಅಂಗಡಿಗೆ ತಂದು ಇಟ್ಟು ನೋಡಿದರೆ ತೂತಿನೊಳಕ್ಕೆ ಇಳಿಯಲೊಲ್ಲದು. ಅದರ ಕಾಲಿನ ಪಕ್ಕ ಒಂದು ಹೆಚ್ಚಿನ ಹಲ್ಲು ಇತ್ತು. ಎರಡೇ ದಾರಿ: ಕಾರಿನ ತೂತನ್ನು ಅರದಿಂದ ಉಜ್ಜಿ ಅಗಲ ಮಾಡುವುದು, ಇಲ್ಲವೇ ಆಂಟೆನಾದ ಹಲ್ಲನ್ನು ಉಜ್ಜಿ ತೆಗೆಯುವುದು. ತಗಡು ಒಮ್ಮೆ ಹೋದರೆ ಹೋದಂತೆ. ನಾಳೆ ಕಂಪನಿಯದು ಬಂದರೆ ಕೂರುವುದಿಲ್ಲ. ಹಲ್ಲು ಪ್ಲಾಸ್ಟಿಕ್ಕಿನದು, ಹೋದರೆ ಗುಜರಿಯ ವಸ್ತು. ಅರ್ಧ ಗಂಟೆ ಅದನ್ನೇ ಉಜ್ಜಿದೆ. ಕಾಲು ಇಳಿಯಿತು. ಕೇಬಲ್ಲಿನ ಕೊಂಡಿಯೂ ಬೇರೆ ನಮೂನೆಯದು. ಎರಡನ್ನೂ ಕತ್ತರಿಸಿ, ಒಳತಂತಿಗೆ ಒಳತಂತಿ, ಹೊರಜಾಲಕ್ಕೆ ಹೊರಜಾಲ ಸೇರಿಸಿ ಬೆಸುಗೆ ಹಾಕಿದೆ.

ರೇಡಿಯೋ ಹಾಕಿದರೆ ಬರೀ ಸುಯ್ಯೆಂಬ ಸದ್ದು. ಆಂಟೆನಾ ತೆಗೆದು ಒಂದು ತುಂಡು ತಂತಿ ಸಿಕ್ಕಿಸಿದರೆ ಅದಕ್ಕಿಂತ ಚೆನ್ನಾಗಿ ಬಂತು.

ಕಾರಣ ಗೊತ್ತಾಗಲು ಹೊತ್ತು ಹಿಡಿಯಲಿಲ್ಲ. ಹಳೆಯ ಆಂಟೆನಾಗೆ ಕರೆಂಟು ಬೇರೆ ವೈರಿನಲ್ಲಿ ಬರುತ್ತಿತ್ತು. ಹೊಸದಕ್ಕೆ ಬೇರೆ ವೈರೇ ಇಲ್ಲ. ಸಿಗ್ನಲ್ ಕೆಳಗಿಳಿಯುವ ಅದೇ ಕೇಬಲ್ಲಿನಲ್ಲಿ ಕರೆಂಟು ಮೇಲಕ್ಕೆ ಹತ್ತಬೇಕು. ಅದಕ್ಕೊಂದು ಪುಟ್ಟ ಅಡಾಪ್ಟರ್ ಸಿಗುತ್ತದೆ. ಬೆಂಗಳೂರಿನ ಮೂರು ಅಂಗಡಿಗೆ ಫೋನ್ ಮಾಡಿದೆ. ಮೂವರೂ ಸೋಮವಾರ ಬನ್ನಿ ಎಂದರು. ನನಗೆ ಸೋಮವಾರ ಸಿಕ್ಕಿ ಏನು ಪ್ರಯೋಜನ? ಬೈಕ್ ಹತ್ತಿ ಚನ್ನಪಟ್ಟಣಕ್ಕೆ ಹೋದೆ.

ಚನ್ನಪಟ್ಟಣದಲ್ಲಿ ನನ್ನ ಉಸ್ತಾದರಿದ್ದಾರೆ. ಬೆಸುಗೆ ಕಡ್ಡಿ ಹಿಡಿಯುವುದನ್ನು ನನಗೆ ಕಲಿಸಿದವರು ಅವರೇ. ಒಂದು ಕಾಲಕ್ಕೆ ಮನೆ ರೇಡಿಯೋ ರಿಪೇರಿ, ಆಮೇಲೆ ಕಾರು ವೈರಿಂಗ್ ಮಾಡುತ್ತಿದ್ದರು. ಈಗ ಎರಡೂ ಕಣ್ಣಿನ ಆಪರೇಷನ್ ಆಗಿ ಮನೆಯ ಜಗಲಿಯ ಮೇಲೆ ಕೂತಿರುತ್ತಾರೆ. ಎದುರಿಗೆ ಬೊಂಬೆ ಮಾಡುವವರ ಕಡಸಲು ಯಂತ್ರ ಹಗಲೆಲ್ಲ ಗುಂಯ್ಗುಡುತ್ತಿರುತ್ತದೆ.

ನಾನು ಹೇಳಿದ್ದನ್ನೆಲ್ಲ ಕಣ್ಣುಮುಚ್ಚಿ ಕೇಳಿದರು. “ಅಡಾಪ್ಟರ್ ಅಂದ್ರೆ ಏನು ಬೇಟಾ? ಒಳಗೆ ಏನಿರ್ತದೆ ಹೇಳು ನೋಡೋಣ.”

“ಒಂದು ಕಾಯಿಲ್ಲು, ಒಂದು ಕೆಪಾಸಿಟರ್ರು.”

“ಮತ್ತೆ? ಬರೀ ಅದರ ಡಬ್ಬಿಗೋಸ್ಕರ ಬೆಂಗ್ಳೂರಿಗೆ ಹೋಗ್ಬೇಕಾ?”

ನನಗೆ ನಾಚಿಕೆಯಾಯಿತು. ಸಿದ್ಧವಸ್ತು ಹುಡುಕಿ ಹುಡುಕಿ, ಮಾಡಿಕೊಳ್ಳಬಹುದು ಎಂಬುದೇ ನನಗೆ ಮರೆತುಹೋಗಿತ್ತು. ಉಸ್ತಾದರು ಎದುರುಮನೆಗೆ ಕೂಗಿ ಹೇಳಿ, ಬೊಂಬೆಗೆಂದು ಕಡೆದು ಉಳಿದಿದ್ದ ಆಲೆಮರದ ಕಡ್ಡಿಯೊಂದನ್ನು ತರಿಸಿದರು. ಪೆನ್ಸಿಲ್ಲಿಗಿಂತ ಸ್ವಲ್ಪ ಸಣ್ಣ, ಹಾಲಿನಂತೆ ಬಿಳಿ. ಹಳೆಯ ಬಿಸ್ಕೆಟ್ ಡಬ್ಬಿಯಿಂದ ತಾಮ್ರದ ತಂತಿ ತೆಗೆದು, ಕಣ್ಣಿಗಿಂತ ಹೆಚ್ಚಾಗಿ ಬೆರಳಿನ ಉಗುರನ್ನೇ ನಂಬಿ, ಒಂದಕ್ಕೊಂದು ತಾಗುವಂತೆ ಸುತ್ತುತ್ತಾ ಹೋದರು. ಸುತ್ತು ಎಣಿಸುವುದು ನನ್ನ ಕೆಲಸ. ಇಪ್ಪತ್ತೆಂಟಕ್ಕೆ ನಿಲ್ಲಿಸಿದರು. ಬಿಚ್ಚಿಕೊಳ್ಳಬಾರದೆಂದು ಬೊಂಬೆಗೆ ಹಚ್ಚುವ ಕೆಂಪು ಅರಗನ್ನೇ ಕಾಯಿಸಿ ಎರಡು ತುದಿಗೂ ಒತ್ತಿದರು.

“ಕರೆಂಟು ಈ ಕಾಯಿಲ್ಲಿನಿಂದ ಹತ್ತಿ ಮೇಲೆ ಹೋಗ್ತದೆ, ಹಾಡು ಇದರೊಳಗೆ ನುಗ್ಗಕ್ಕಾಗಲ್ಲ. ಹಾಡು ಕೆಪಾಸಿಟರ್ ದಾಟಿ ರೇಡಿಯೋಗೆ ಹೋಗ್ತದೆ, ಕರೆಂಟು ದಾಟಕ್ಕಾಗಲ್ಲ. ಒಂದೇ ಗಲ್ಲಿ, ಇಬ್ರು ಎದುರುಬದುರು. ಜಗಳ ಆಗ್ಬಾರ್ದು, ಅಷ್ಟೇ,” ಎಂದರು.

ಶುಕ್ರವಾರ ಬೆಳಿಗ್ಗೆ ಆ ಅರಗಿನ ಕಾಯಿಲ್ಲನ್ನೂ ಅಂಗಡಿಯಲ್ಲೇ ಇದ್ದ ಒಂದು ಕೆಪಾಸಿಟರನ್ನೂ ರೇಡಿಯೋದ ಹಿಂದೆ ಕೂರಿಸಿ, ತೆಳ್ಳಗಿನ ವೈರಿನ ಕರೆಂಟನ್ನು ಕಾಯಿಲ್ಲಿಗೆ ಕೊಟ್ಟು, ಆಂಟೆನಾವನ್ನು ತೂತಿನಲ್ಲಿ ಸುಮ್ಮನೆ ಕೂರಿಸಿ ಬಟನ್ ಒತ್ತಿದೆ. ಸ್ಟೇಷನ್ನುಗಳು ಸಾಲುಸಾಲಾಗಿ ಬಂದವು. ದೂರದ ಒಂದು ಕ್ಷೀಣ ಸ್ಟೇಷನ್ನು ಕೂಡ ತಮಿಳಿನಲ್ಲಿ ಏನೋ ಹೇಳುತ್ತಿತ್ತು. ಅಲ್ಲಿಗೆ ನಟ್ಟು ಬಿಗಿದು ಕೈತೊಳೆದುಕೊಂಡಿದ್ದರೆ ಈ ಕಥೆ ಬರೆಯುವ ಪ್ರಮೇಯವೇ ಇರಲಿಲ್ಲ.

ಆದರೆ ನನಗೆ ಅಚ್ಚುಕಟ್ಟಿನ ರೋಗ. ಎದ್ದಿದ್ದ ಅಂಚನ್ನು ತಟ್ಟಿ ಮಟ್ಟ ಮಾಡಿದಾಗ ಅಲ್ಲಿ ಬಣ್ಣ ಹೋಗಿ ತಗಡು ಕಾಣುತ್ತಿತ್ತು. ನಾಳೆ ತುಕ್ಕು ಹಿಡಿದರೆ? ಆಂಟೆನಾ ಮತ್ತೆ ತೆಗೆದು, ತೂತಿನ ಸುತ್ತ ಮೇಲೂ ಕೆಳಗೂ ಎರಡು ಕೈ ಪ್ರೈಮರ್ ಬಳಿದು, ಒಣಗಿಸಿ, ಮೇಲೆ ಬಿಳಿ ಬಣ್ಣ ಕೊಟ್ಟು, ನೀರು ಇಳಿಯದಂತೆ ಸುತ್ತಲೂ ಸಿಲಿಕೋನ್ ಗೋಂದು ತುಂಬಿ ಕೂರಿಸಿದೆ. ಮತ್ತೆ ರೇಡಿಯೋ ಹಾಕಿದೆ. ಬೆಂಗಳೂರಿನದೆಲ್ಲ ಚೆನ್ನಾಗಿಯೇ ಬಂತು. ಆ ತಮಿಳು ಸ್ಟೇಷನ್ನು ಮಾತ್ರ ಇರಲಿಲ್ಲ. ಮೋಡ ಇರಬೇಕು ಎಂದುಕೊಂಡೆ. ಅಲ್ಲಿ ಒಂದು ನಿಮಿಷ ನಿಂತು ಯೋಚಿಸಬೇಕಿತ್ತು. ನಿಲ್ಲಲಿಲ್ಲ.

ಯಜಮಾನರು ಬಂದು ಮೇಲೆ ಕೈಯಾಡಿಸಿ, “ಕೋಳಿ ಜುಟ್ಟು ಇದ್ದಂಗೈತೆ,” ಎಂದು ಮೊದಲ ಸಲ ನಕ್ಕರು. ಲೋಟವನ್ನು ಒರೆಸಿ ಚೀಲಕ್ಕೆ ಹಾಕಿಕೊಂಡು ಹೋದರು.

ಶನಿವಾರ ಬೆಳಿಗ್ಗೆ ಫೋನು ಬಂತು. ನೀರಿನ ಟ್ಯಾಂಕಿನ ಬುಡದಿಂದ ಮಾತಾಡುತ್ತಿದ್ದರು. “ಕನಕಪುರದ್ ತನಕ ಗಂಟೆ ಹೊಡ್ದಂಗೆ ಬಂತು ಕಣಣ್ಣ. ಊರಿಗ್ ಬಂದ್ರೆ ಬರೀ ಹಾವು ಬುಸ್ಸಂದಂಗೆ ಅಂತದೆ.” ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು.

ಅಂಗಡಿಗೆ ಬೀಗ ಹಾಕಿ, ಚೀಲದಲ್ಲಿ ಸ್ಪ್ಯಾನರ್, ಮೀಟರ್ ತುಂಬಿಕೊಂಡು ಬೈಕಿನಲ್ಲಿ ಹೊರಟೆ. ಕನಕಪುರ ದಾಟಿ ಆ ಊರು ಮುಟ್ಟಿದಾಗ ಎರಡು ಗಂಟೆ. ಮೂರು ಕಡೆ ಬಂಡೆಯ ಬೆಟ್ಟ, ನಡುವೆ ಹಿಪ್ಪುನೇರಳೆ ತೋಟ, ಅದರ ಪಕ್ಕದಲ್ಲಿ ಊರು. ಕಾರು ಡೈರಿಯ ಮುಂದೆಯೇ ನಿಂತಿತ್ತು, ಸವಾಲು ಹಾಕಿದ ಜಾಗದಲ್ಲೇ. ಡೈರಿ ಕಟ್ಟೆಯ ಮೇಲೆ ತಲೆಗೆ ಟವೆಲು ಸುತ್ತಿದ ಹಿರಿಯರೊಬ್ಬರು ಕೂತು, “ಇನ್ನೂ ಬೆಂಗ್ಳೂರಿಂದ ರೇಡಿಯೋ ಹೊಂಟಿಲ್ವಂತೋ?” ಎಂದು ಯಾರಿಗೂ ಅಲ್ಲದಂತೆ ಕೇಳುತ್ತಿದ್ದರು.

ಕಾಯಿಲ್ ನೋಡಿದೆ, ಅರಗು ಗಟ್ಟಿಯಾಗಿತ್ತು. ಮೀಟರ್ ಇಟ್ಟೆ, ಕರೆಂಟು ಮೇಲಿನವರೆಗೂ ಹೋಗುತ್ತಿತ್ತು. ಬೆಸುಗೆ ಎಳೆದು ನೋಡಿದೆ, ಅದೂ ಸರಿಯಾಗಿತ್ತು. ಎರಡು ಗಂಟೆ ಕಾಲ ಸರಿ ಇದ್ದುದನ್ನೇ ಮತ್ತೆ ಮತ್ತೆ ನೋಡಿದೆ. ಕೊನೆಗೆ, ಕುಣಿಯಲಾರದವಳು ನೆಲ ಡೊಂಕು ಎಂದಂತೆ, ತಪ್ಪನ್ನು ಬೆಟ್ಟದ ಮೇಲೆ ಹೊರಿಸಿದೆ. “ಇಲ್ಲಿ ಸಿಗ್ನಲ್ಲೇ ಇಲ್ಲ ಯಜಮಾನ್ರೇ.”

“ಮುಂಚೆ ಬತ್ತಿತ್ತಲ್ಲಣ್ಣ,” ಎಂದರು ಅವರು. ಆಮೇಲೆ ತಾವೇ ಒಂದು ದಾರಿ ಹುಡುಕಿದರು. “ಮೇಲ್ಗಡೆ ಟಾರ್ ರೋಡಿಗೆ ಹೋದ್ರೆ ಒಸಿ ಬತ್ತದೆ. ನಾನೂ ಅವ್ಳೂ ಕಾರ್ ಅಲ್ಲಿಗೆ ತಗಂಡೋಗಿ ಕೇಳ್ಕತೀವಿ ಬುಡಿ.”

ಅಷ್ಟರಲ್ಲಿ ಮಜ್ಜಿಗೆಯ ಚೊಂಬು ಹಿಡಿದು ಅವರ ಹೆಂಡತಿ ಬಂದರು. ಡೈರಿಯ ಕಡೆ ತಲೆ ಎತ್ತಿ ನೋಡದೆ ನಡೆದುಬಂದದ್ದು ನನಗೆ ಕಂಡಿತು. ನನ್ನ ಕೈಗೆ ಲೋಟ ಕೊಟ್ಟರು. ಅದೇ ಲೋಟ, ಅಂಚಿಗೆ ಟೇಪಿನ ಅಂಟು ಇನ್ನೂ ಇತ್ತು.

“ನಾನೇನ್ ಕೇಳ್ಬೇಕು ಅಂತಿಲ್ಲ ಕಣಣ್ಣ. ನಾ ಆಡಿದ್ ಮಾತು ನಂಗೊತ್ತಿಲ್ವಾ? ಕೇಳ್ಬೇಕಾದೋರು ಇಲ್ ಕೂತವ್ರೆ. ರೋಡಿಗೋಗಿ ಇಬ್ರೇ ಕೇಳ್ಕಂಡ್ ಬಂದ್ರೆ, ನಾಳೆ ಅದೂ ಸುಳ್ಳು ಅಂತಾರೆ.”

ಮಜ್ಜಿಗೆಯ ಲೋಟವನ್ನು ಕಾರಿನ ಮೇಲಿಟ್ಟು ಗಡಿಯಾರ ನೋಡಿದೆ. ನಾಲ್ಕೂಕಾಲು ಆಗಿತ್ತು. ಟ್ಯಾಂಕಿನ ಬುಡಕ್ಕೆ ಓಡಿ ಉಸ್ತಾದರಿಗೆ ಫೋನ್ ಮಾಡಿ, ಶುಕ್ರವಾರ ಮಾಡಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದೆ. ತಮಿಳು ಸ್ಟೇಷನ್ನು ಮಾಯವಾದದ್ದನ್ನು ಹೇಳುವಾಗ ಅವರು ತಡೆದರು.

“ಅದು ಯಾವಾಗ ಹೋಯ್ತು? ಪೇಂಟ್ ಮುಂಚೆನಾ, ಆಮೇಲಾ?”

“ಆಮೇಲೆ.”

“ಆಂಟೆನಾ ಅಡೀಲಿ ಉಗುರಿನ ಹಾಗೆ ಲೋಹದ ಹಲ್ಲುಗಳಿವೆಯಲ್ಲ ಬೇಟಾ, ಅವು ತಗಡನ್ನು ಕಚ್ಚಬೇಕು. ಇಡೀ ಛಾವಣಿನೇ ಆಂಟೆನಾಗೆ ನೆಲ. ನೀನು ಕಾಲಿಗೆ ಚಪ್ಪಲಿ ತೊಡಿಸಿ ನೆಲ ಮುಟ್ಟು ಅಂತಿದ್ದೀಯ.”

ಟೌನಿನಲ್ಲಿ ಸಿಗ್ನಲ್ ಜೋರು, ಹಾಗಾಗಿ ನನ್ನ ತಪ್ಪನ್ನು ಅದು ಮುಚ್ಚಿಕೊಂಡಿತ್ತು. ಇಲ್ಲಿ ಮುಚ್ಚಲಿಲ್ಲ. ತುಕ್ಕು ಹಿಡಿಯಬಾರದೆಂದು ನಾನು ಪ್ರೀತಿಯಿಂದ ಬಳಿದ ಬಣ್ಣವೇ ಆಂಟೆನಾವನ್ನು ಕಾರಿನಿಂದ ಬೇರೆ ಮಾಡಿ ಕೂರಿಸಿತ್ತು. ಮಾಡಿದ್ದುಣ್ಣೋ ಮಹಾರಾಯ!

ಈಗ ಎರಡೇ ಗಂಟೆ ಉಳಿದಿತ್ತು. ಬಿಚ್ಚಿದರೆ ಗೋಂದು ಕೀಳುವಾಗ ಪ್ಲಾಸ್ಟಿಕ್ ಕಾಲು ಮುರಿಯಬಹುದು. ಮುರಿದರೆ ಟಾರ್ ರೋಡಿಗೆ ಹೋಗಿ ಕೇಳುವ ಭಾಗ್ಯವೂ ಇಲ್ಲ. ಬಿಚ್ಚದಿದ್ದರೆ ಡೈರಿಯ ಮುಂದೆ ಬುಸ್ಸೆಂಬ ಸದ್ದು ಖಚಿತ. ವಾಪಸ್ ಬಂದು ಗಂಡಹೆಂಡಿರ ಮುಂದೆ ನಿಂತು, ತಪ್ಪು ನನ್ನದು, ಬೆಟ್ಟದ್ದಲ್ಲ ಎಂದು ಹೇಳಿ, ಅಪಾಯವನ್ನೂ ಹೇಳಿದೆ. ಯಜಮಾನರು ಹೆಂಡತಿಯ ಮುಖ ನೋಡಿದರು.

“ಬಿಚ್ಚಿ ಅಣ್ಣ,” ಎಂದರು ಆಕೆ. “ಹುಳಕ್ಕೆ ರೋಗ ಬಂದದೆ ಅಂತ ಗೊತ್ತಾದ್ ಮ್ಯಾಲೆ ತಟ್ಟೆ ಮುಚ್ ಮಡಗಕ್ಕಾದದಾ?”

ಬಿಚ್ಚಿದೆ. ಒಳಗಿನ ನಟ್ಟು ಸುಲಭಕ್ಕೆ ಬಂತು. ಮೇಲಿನ ಗೋಂದು ಬರಲಿಲ್ಲ. ಸ್ಕ್ರೂಡ್ರೈವರ್ ಹಾಕಿ ಮೀಟಲು ಧೈರ್ಯವಿಲ್ಲ. ಉಪ್ಪುಕಾಗದವನ್ನು ಅಂಗಡಿಯಲ್ಲೇ ಬಿಟ್ಟು ಬಂದಿದ್ದೆ. ಆಕೆ ಹುಳದ ಮನೆಯಿಂದ ಸೊಪ್ಪು ಹೆಚ್ಚುವ ಚಾಕು ತಂದುಕೊಟ್ಟರು. ಮಸೆದು ಮಸೆದು ತೆಳ್ಳಗಾಗಿ ಬಾಗುತ್ತಿದ್ದ ಅಲಗು. ಅದು ಗೋಂದಿನ ಅಡಿಗೆ ಬೆಣ್ಣೆಯೊಳಗೆ ಹೋದಂತೆ ಹೋಯಿತು. ಸುತ್ತ ಎಳೆದು ಬಂದು, ಉಸಿರು ಹಿಡಿದು ಎತ್ತಿದೆ. ಕಾಲು ಮುರಿಯದೆ ಎದ್ದಿತು.

ಸೀಟಿನ ಮೇಲೆ ಅಂಗಾತ ಮಲಗಿ, ಅದೇ ಚಾಕುವಿನಿಂದ ತೂತಿನ ಒಳಗಡೆಯ ಬಣ್ಣವನ್ನು ಹೆರೆಯತೊಡಗಿದೆ. ಪುಡಿ ಕಣ್ಣಿಗೆ, ಬಾಯಿಗೆ ಉದುರುತ್ತಿತ್ತು. ನಿನ್ನೆ ಎಷ್ಟು ಚೆಂದವಾಗಿ ಬಳಿದಿದ್ದೆ! ನನ್ನ ಕೈಕೆಲಸವನ್ನು ನಾನೇ ಕೆರೆಯುವುದು ಮೊದಮೊದಲು ಹೊಟ್ಟೆ ಉರಿಸಿತು, ಆಮೇಲೆ ನಗು ತರಿಸಿತು. ಹಲ್ಲು ಕಚ್ಚುವ ನಾಲ್ಕು ಕಡೆ ತಗಡು ಬೆಳ್ಳಿಯಂತೆ ಹೊಳೆಯುವವರೆಗೆ ಹೆರೆದೆ. ಮೇಲ್ಗಡೆ ಬಣ್ಣವನ್ನು ಹಾಗೇ ಬಿಟ್ಟು, ನೀರಿಗೆ ತಡೆಯಾಗಲಿ ಎಂದು ತೆಳ್ಳಗೆ ಒಂದೇ ಎಳೆ ಗೋಂದು ಹಾಕಿದೆ. ಯಜಮಾನರು ಮೇಲಿನಿಂದ ಒತ್ತಿಹಿಡಿದರು. ನಾನು ಕೆಳಗಿನಿಂದ ನಟ್ಟು ತಿರುಗಿಸಿದೆ. ಹಲ್ಲು ತಗಡಿಗೆ ಕಚ್ಚಿಕೊಂಡಾಗ ಕೈಗೆ ಒಂದು ಸಣ್ಣ ಕರಕರ ತಿಳಿಯುತ್ತದೆ. ನಿನ್ನೆ ಅದು ತಿಳಿದಿರಲಿಲ್ಲ. ಇವತ್ತು ತಿಳಿಯಿತು.

ಆರೂ ಹತ್ತಕ್ಕೆ ಬಟನ್ ಒತ್ತಿದೆ. ಒಬ್ಬ ಹೆಂಗಸು ಮಾರುಕಟ್ಟೆ ಧಾರಣೆ ಓದುತ್ತಿದ್ದಳು. ಈರುಳ್ಳಿ, ಟೊಮೇಟೊ, ಬೀನ್ಸು. ಅಷ್ಟು ಇಂಪಾದ ಬೀನ್ಸಿನ ಬೆಲೆಯನ್ನು ನಾನು ಕೇಳಿದ್ದೇ ಇಲ್ಲ. ಯಜಮಾನರು ನಾಲ್ಕೂ ಬಾಗಿಲು ತೆಗೆದು ದನಿಯನ್ನು ತುದಿಗೇರಿಸಿದರು. ಹಾಲಿನ ಹೊತ್ತು. ಕ್ಯಾನು ಹಿಡಿದು ಬಂದವರು ಹಾಗೇ ನಿಂತರು. ಹೆಂಗಸರು ಬಂದರು. ಆಕೆ ಮಾತ್ರ ಕಾರಿನ ಹಿಂದೆ, ಯಾರಿಗೂ ಕಾಣದಂತೆ ನಿಂತಿದ್ದರು.

ಆರೂವರೆಗೆ ಒಂದು ತುಣುಕು ಸಂಗೀತ ಬಂತು. ಆಮೇಲೆ ಒಬ್ಬ ಗಂಡಸಿನ ದನಿ, ತಾಲ್ಲೂಕಿನ ಹೆಸರು ಹೇಳಿ, ಊರಿನ ಹೆಸರು ಹೇಳಿ, “ಅನುಭವಿ ರೇಷ್ಮೆ ಕೃಷಿಕರಾದ ಶ್ರೀಮತಿ ಚಿಕ್ಕತಾಯಮ್ಮನವರು ಈಗ ನಮ್ಮೊಂದಿಗಿದ್ದಾರೆ,” ಎಂದಿತು.

ಮೂರು ದಿನದಿಂದ ಆಕೆಯ ಮಾತು ಊರೆಲ್ಲ ಕೇಳಲೆಂದು ಒದ್ದಾಡಿದವನು ನಾನು. ಆಕೆಯ ಹೆಸರೇನೆಂದು ಒಮ್ಮೆಯೂ ಕೇಳಿರಲಿಲ್ಲ. ಅಲ್ಲಿ ನಿಂತವರಿಗಾದರೂ ಎಷ್ಟು ಜನಕ್ಕೆ ನೆನಪಿತ್ತೋ! ಅವರಿಗೆಲ್ಲ ಆಕೆ ಇಂಥವರ ಮನೆಯವಳು, ಇಂಥವರ ಸೊಸೆ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ರೇಡಿಯೋದಲ್ಲಿ ಆಕೆ ಮಾತಾಡಿದರು. ಹೆದರಿಕೆಯೇ ಇಲ್ಲದ ದನಿ. ಹುಳ ಪೊರೆ ಬಿಟ್ಟು ನಾಲ್ಕನೇ ಜ್ವರದಿಂದ ಎದ್ದ ಮೇಲೆ ಸೊಪ್ಪು ಹೇಗೆ ಕೊಡಬೇಕು, ಮಂಕಾದ ಹುಳವನ್ನು ಹೇಗೆ ಗುರುತಿಸಿ ಆರಿಸಬೇಕು, ಎಲ್ಲ ಹೇಳಿದರು. “ಹುಳದ ಮನೆ ಚೊಕ್ಕಟವಾಗಿರ್ಬೇಕು. ಅಂಗಂತ ಸುಣ್ಣ ಸುರ್ದು, ಕಿಟಕಿ ಸಂದಿ ಎಲ್ಲ ಮುಚ್ಚಿ ಮಡಗ್ಬಾರ್ದು. ಅತಿ ಚೊಕ್ಕಟ ಮಾಡಕ್ಕೋಗಿ ಉಸ್ರು ಕಟ್ಟಿಸ್ಬುಡ್ತಾರೆ ಕೆಲವ್ರು,” ಎಂದಿತು ರೇಡಿಯೋ. ನಾನು ಬಣ್ಣದ ಪುಡಿ ಮೆತ್ತಿದ ನನ್ನ ಕೈ ನೋಡಿಕೊಂಡೆ.

ಹನ್ನೆರಡು ನಿಮಿಷದ ಕಾರ್ಯಕ್ರಮ. ಮುಗಿದಾಗ ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಹಾಲು ಅಳೆಯುವವನು ಅಳೆಯುವುದನ್ನು ಮರೆತಿದ್ದ. ಕಟ್ಟೆಯ ಮೇಲಿನ ಹಿರಿಯರು ಎದ್ದು, ತಲೆಯ ಟವೆಲು ಬಿಚ್ಚಿ ಹೆಗಲಿಗೆ ಹಾಕಿಕೊಂಡು ಕಾರಿನ ಹಿಂದಕ್ಕೆ ನಡೆದರು. “ನಮ್ಮೂರ್ ಹೆಸ್ರು ಅಷ್ಟ್ ದೂರ ತಗಂಡೋದ್ಯಲ್ಲ ಚಿಕ್ಕತಾಯಮ್ಮ,” ಎಂದರು. “ಆ ಮಂಕು ಹುಳದ ವಿಚಾರ ಒಸಿ ಬಿಡಿಸಿ ಯೋಳವ್ವ, ನಂಗೆ ಸರ್ಯಾಗಿ ತಿಳೀನಿಲ್ಲ.” ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಡೈರಿ ಕಟ್ಟೆಯ ಮೇಲೆ ಕೂತು ಹೇಳತೊಡಗಿದರು.

ವಾಪಸ್ ಬರುವಾಗ ಬೈಕಿನ ಚೀಲದಲ್ಲಿ ಆಕೆ ತುಂಬಿಕೊಟ್ಟ ರಾಗಿ ಹಿಟ್ಟು, ಅವರೆಕಾಯಿ ಇದ್ದವು. ನನ್ನ ಕಣ್ಣೂ ತೇವವಾಗಿತ್ತು, ಮುಚ್ಚಿಡುವುದೇನು? ಕೆಲಸ ಕೆಡಿಸಿದವನಿಗೆ ಆ ಗಂಡಹೆಂಡಿರು ಒಂದು ಬಿರುನುಡಿ ಆಡಲಿಲ್ಲ. ಎರಡನೇ ಸಲ ಬಿಚ್ಚಲು ಬಿಟ್ಟರು. ನನಗೆ ಈ ಕಸುಬಿನಲ್ಲಿ ಅದಕ್ಕಿಂತ ದೊಡ್ಡ ಮರ್ಯಾದೆ ಸಿಕ್ಕಿಲ್ಲ. ಭಾನುವಾರ ಉಸ್ತಾದರ ಜಗಲಿಯ ಮೇಲೆ ಅರ್ಧ ಅವರೆಕಾಯಿ ಸುರಿದು, ಕಾರ್ಯಕ್ರಮದಲ್ಲಿ ಬಂದದ್ದನ್ನು ಪೂರ್ತಿ ಒಪ್ಪಿಸಿದೆ. ಕಣ್ಣುಮುಚ್ಚಿ ಕೇಳಿ, “ಅರಗು ಬಿಟ್ಟಿಲ್ವಲ್ಲ?” ಎಂದು ಮಾತ್ರ ಕೇಳಿದರು.

ಮೂರು ತಿಂಗಳ ನಂತರ ಆ ಬಿಳಿ ಕಾರು ಹಾರ್ನ್ ರಿಪೇರಿಗೆ ಬಂತು. ತಲೆಯ ಮೇಲೆ ಹಗ್ಗದ ಗೀರುಗಳಿದ್ದವು, ಕೋಳಿ ಜುಟ್ಟು ಗಟ್ಟಿಯಾಗಿ ನಿಂತಿತ್ತು. ಕೀಲಿ ತೆಗೆದುಕೊಂಡು ಚೀಟಿಯ ಮೇಲೆ ‘ಚಿಕ್ಕತಾಯಮ್ಮ’ ಎಂದು ಬರೆದೆ. ಯಜಮಾನರು ಬಗ್ಗಿ ಓದಿದರು.

“ಗಾಡಿ ನಂದಲ್ವಾ ಅಣ್ಣ?”

ತಪ್ಪಾಯಿತೇನೋ ಎಂದು ಚೀಟಿ ಬಿಚ್ಚಲು ಹೋದೆ. ಅವರು ನನ್ನ ಕೈ ತಡೆದು, ದಾರವನ್ನು ತಾವೇ ಇನ್ನೊಂದು ಸುತ್ತು ಬಿಗಿದರು.

“ಇರ್ಲಿ ಬುಡಿ. ಊರಲ್ಲಿ ಈಗ ನನ್ನೂ ಚಿಕ್ಕತಾಯಮ್ಮನ ಗಂಡ ಅಂತಾನೇ ಕರೀತಾರೆ.”